ಜನವಸತಿಯೊಳಗೆ ಜಾನುವಾರು ಸಾಕಣೆ: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಅಂಶಗಳು

ಕೋಲಾರ ಜಿಲ್ಲೆಯ ಗ್ರಾಮೀಣ ಬದುಕಿನಲ್ಲಿ ಹಾಲು ಮತ್ತು ರೇಷ್ಮೆ ಎರಡೂ ನಿತ್ಯದ ಆದಾಯದ ಮೂಲಗಳು. ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ಒಂದೆರಡು ಸೀಮೆಹಸುಗಳನ್ನು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಕುಟುಂಬಗಳು ಪ್ರತಿ ಗ್ರಾಮದಲ್ಲೂ ಇವೆ. ಅದೇ ಗ್ರಾಮದಲ್ಲಿ ಕಟ್ಟು ಬಿಚ್ಚಿಕೊಂಡ ರಾಸೊಂದು ಒಂದು ರಾತ್ರಿ ಹಿಪ್ಪುನೇರಳೆ ತೋಟಕ್ಕೆ ನುಗ್ಗಿದರೆ, ಹುಳು ಮೇಯಿಸುತ್ತಿರುವ ರೈತನ ಇಡೀ ಬೆಳೆ ಸೊಪ್ಪಿಲ್ಲದೆ ಹಾಳಾಗಬಹುದು. ಇಂತಹ ದೂರುಗಳು ಮೊದಲು ತಲುಪುವುದು ವಾರ್ಡಿನ ಸದಸ್ಯರನ್ನೇ. ಆದುದರಿಂದ ಜನವಸತಿಯೊಳಗೆ ಪ್ರಾಣಿ ಸಾಕಣೆಗೆ ಸಂಬಂಧಿಸಿದ ನಿಯಮಗಳ ಸ್ಥೂಲ ಪರಿಚಯ ಪ್ರತಿಯೊಬ್ಬ ಸದಸ್ಯರಿಗೂ ಅವಶ್ಯಕ.

ಯಾರ ಅಧಿಕಾರ ವ್ಯಾಪ್ತಿ ಎಲ್ಲಿಯವರೆಗೆ

ಸಂವಿಧಾನದ ಹನ್ನೊಂದನೆಯ ಅನುಸೂಚಿಯು ಪಶುಸಂಗೋಪನೆ, ಹೈನುಗಾರಿಕೆ ಮತ್ತು ಕೋಳಿ ಸಾಕಣೆಯನ್ನು ಪಂಚಾಯಿತಿಗಳ ವಿಷಯವಾಗಿ ಪಟ್ಟಿ ಮಾಡಿದೆ. ಹನ್ನೆರಡನೆಯ ಅನುಸೂಚಿಯು ದನದ ದೊಡ್ಡಿಗಳು ಮತ್ತು ಪ್ರಾಣಿಗಳ ಮೇಲಿನ ಕ್ರೌರ್ಯದ ತಡೆಯನ್ನು ಪಟ್ಟಣಗಳ ಸ್ಥಳೀಯ ಸಂಸ್ಥೆಗಳ ಪಟ್ಟಿಯಲ್ಲಿ ಸೇರಿಸಿದೆ. ಕೋಲಾರ, ಮುಳಬಾಗಿಲು, ಮಾಲೂರು ಮತ್ತು ಶ್ರೀನಿವಾಸಪುರ ಪಟ್ಟಣಗಳ ಎಲ್ಲೆಯೊಳಗೆ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮ ಅನ್ವಯಿಸುತ್ತದೆ. ಪಟ್ಟಣದ ಎಲ್ಲೆ ದಾಟಿದೊಡನೆ 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ ಅನ್ವಯಿಸುತ್ತದೆ.

ಪಟ್ಟಣಕ್ಕೆ ಅಂಟಿಕೊಂಡಿರುವ ಪಂಚಾಯಿತಿಗಳಲ್ಲಿ ಈ ವ್ಯತ್ಯಾಸವು ಗೊಂದಲಕ್ಕೆ ಎಡೆಮಾಡಿಕೊಡುತ್ತದೆ. ಹೊಸ ಬಡಾವಣೆಯ ನಿವಾಸಿಗಳು ತಾವು ಪಟ್ಟಣದಲ್ಲಿದ್ದೇವೆಂದು ಭಾವಿಸಿ ದೂರು ನೀಡುತ್ತಾರೆ. ತಲೆಮಾರುಗಳಿಂದ ಅಲ್ಲಿಯೇ ದನ ಕಟ್ಟಿದವರು ಇದು ಹಳ್ಳಿಯೆನ್ನುತ್ತಾರೆ. ದೂರು ಬಂದಾಗ ಮೊದಲು ಸರ್ವೆ ನಂಬರಿನ ಮೂಲಕ ಸ್ಥಳವು ಯಾವ ಸಂಸ್ಥೆಯ ವ್ಯಾಪ್ತಿಯಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ. ವ್ಯಾಪ್ತಿಯಿಲ್ಲದ ಕಡೆ ನೀಡಿದ ನೋಟಿಸು ಊರ್ಜಿತವಾಗುವುದಿಲ್ಲ.

ಮನೆಯ ಕೊಟ್ಟಿಗೆ ಮತ್ತು ವಾಣಿಜ್ಯ ಸಾಕಣೆ

ಗ್ರಾಮದೊಳಗೆ ಒಂದೆರಡು ಹಸು, ನಾಲ್ಕು ಮೇಕೆ ಸಾಕುವುದು ಅಪರಾಧವಲ್ಲ. ಚರಂಡಿ, ರಸ್ತೆ ಮತ್ತು ನೈರ್ಮಲ್ಯದ ಪಾಲನೆ ಪಂಚಾಯಿತಿಯ ಕಡ್ಡಾಯ ಪ್ರಕಾರ್ಯಗಳಾಗಿವೆ. ವಾಸದ ಮನೆಗಳಿಂದ ದೂರದಲ್ಲಿ ಕಸ ಮತ್ತು ಗೊಬ್ಬರ ಹಾಕಲು ಸ್ಥಳ ಗುರುತಿಸುವುದೂ ಅವುಗಳಲ್ಲಿ ಒಂದು. ಪಂಚಾಯಿತಿಯು ಇಂತಹ ಸ್ಥಳವನ್ನೇ ಗುರುತಿಸದೆ, ಬೀದಿಯ ತಿಪ್ಪೆಗಾಗಿ ಒಂದು ಹಸುವಿನ ಮನೆಯವರನ್ನು ಮಾತ್ರ ಹೊಣೆ ಮಾಡುವುದು ನ್ಯಾಯವಾಗದು. ಸಗಣಿ ನೀರು ಚರಂಡಿಗೆ ಹರಿಯದಂತೆ ಇಂಗುಗುಂಡಿ, ಮುಚ್ಚಿದ ಗೊಬ್ಬರದ ಗುಂಡಿ ಅಥವಾ ಗೋಬರ್ ಗ್ಯಾಸ್ ಘಟಕ ಮಾಡಿಕೊಂಡರೆ ಬಹುತೇಕ ವಿವಾದಗಳು ಅಲ್ಲಿಗೇ ಮುಗಿಯುತ್ತವೆ.

ದೊಡ್ಡ ಪ್ರಮಾಣದ ಘಟಕಗಳ ವಿಷಯ ಬೇರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ಮಾರ್ಗಸೂಚಿಯಂತೆ ಹೊಸ ಡೇರಿ ಫಾರಂ ಮತ್ತು ಗೋಶಾಲೆಗಳು ವಾಸದ ಮನೆಗಳಿಂದ ಕನಿಷ್ಠ 200 ಮೀಟರ್, ಶಾಲೆ ಹಾಗೂ ಆಸ್ಪತ್ರೆಗಳಿಂದ 500 ಮೀಟರ್ ದೂರದಲ್ಲಿರಬೇಕು. ಹೊಸ ಕೋಳಿ ಫಾರಂಗಳಿಗೆ ಜನವಸತಿಯಿಂದ 500 ಮೀಟರ್ ಅಂತರ ಸೂಚಿಸಲಾಗಿದೆ. 5,000ಕ್ಕಿಂತ ಹೆಚ್ಚು ಕೋಳಿಗಳಿರುವ ಫಾರಂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆಯಬೇಕಾಗುತ್ತದೆ. ಕಟ್ಟಡ ಪರವಾನಗಿಯ ಅರ್ಜಿ ಪಂಚಾಯಿತಿಗೆ ಬಂದಾಗಲೇ ಈ ಅಂತರಗಳನ್ನು ಸ್ಥಳ ಪರಿಶೀಲನೆಯ ಮೂಲಕ ನೋಡಬೇಕು. ಶೆಡ್ಡು ಎದ್ದು, ಸಾಲ ಮಂಜೂರಾಗಿ, ಕೋಳಿ ಬಿಟ್ಟ ನಂತರ ಆಕ್ಷೇಪಿಸಿದರೆ ನಷ್ಟವು ಎರಡೂ ಕಡೆಯವರಿಗೆ ಆಗುತ್ತದೆ.

ಹಂದಿ ಸಾಕಣೆ ಮತ್ತು ಮೆದುಳು ಜ್ವರ

ಕೋಲಾರ ಜಿಲ್ಲೆಯ ಮಟ್ಟಿಗೆ ಹಂದಿ ಸಾಕಣೆಯ ಸ್ಥಳವು ಮಕ್ಕಳ ಪ್ರಾಣಕ್ಕೆ ಸಂಬಂಧಿಸಿದ ವಿಷಯ. 1977-78ರಲ್ಲಿ ಈ ಜಿಲ್ಲೆಯಲ್ಲಿ ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮೆದುಳು ಜ್ವರ ಕಾಣಿಸಿಕೊಂಡಿತು; ನಂತರದ ವರ್ಷಗಳಲ್ಲಿಯೂ ಇಲ್ಲಿ ಅದರ ಅಧ್ಯಯನ ನಡೆದಿದೆ. ರೋಗದ ವೈರಾಣು ಕೊಕ್ಕರೆ, ಬಕದಂತಹ ನೀರುಹಕ್ಕಿಗಳಲ್ಲಿ ಇರುತ್ತದೆ. ಹಂದಿಯ ದೇಹದಲ್ಲಿ ಅದು ಬಹುಬೇಗ ವೃದ್ಧಿಯಾಗುತ್ತದೆ. ಗದ್ದೆ ಮತ್ತು ನಿಂತ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಜಾತಿಯ ಸೊಳ್ಳೆಯು ಹಂದಿಯನ್ನು ಕಚ್ಚಿ, ಬಳಿಕ ಮನುಷ್ಯರನ್ನು ಕಚ್ಚಿದಾಗ ರೋಗ ಹರಡುತ್ತದೆ. ಒಬ್ಬ ಮನುಷ್ಯನಿಂದ ಮತ್ತೊಬ್ಬರಿಗೆ ಅದು ಹರಡುವುದಿಲ್ಲ. ರೋಗಕ್ಕೆ ನಿರ್ದಿಷ್ಟ ಔಷಧಿಯಿಲ್ಲ. ಬದುಕುಳಿದ ಮಕ್ಕಳಲ್ಲಿ ಹಲವರಿಗೆ ಶಾಶ್ವತ ಅಂಗವೈಕಲ್ಯ ಉಳಿಯುತ್ತದೆ.

ಆದ್ದರಿಂದ ಹಂದಿಗೂಡುಗಳು ಮನೆ, ಅಂಗನವಾಡಿ ಮತ್ತು ಶಾಲೆಗಳಿಂದ ದೂರವಿರಬೇಕು, ಹಂದಿಗಳು ಬೀದಿಯಲ್ಲಿ ಅಲೆಯಬಾರದು ಎಂಬ ಸೂಚನೆಯನ್ನು ಯಾವುದೇ ಸಮುದಾಯದ ಕಸುಬಿನ ವಿರುದ್ಧದ ಕ್ರಮವೆಂದು ತಿಳಿಯಬಾರದು. ಸಾಕುವವರಿಗೆ ಪರ್ಯಾಯ ಸ್ಥಳ ತೋರಿಸಿ, ಕಾಲಾವಕಾಶ ನೀಡಿ, ಗೂಡುಗಳ ಸ್ಥಳಾಂತರಕ್ಕೆ ಸಹಕರಿಸುವುದು ಪಂಚಾಯಿತಿಯ ಹೊಣೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು ಹರಿದು ಜಿಲ್ಲೆಯ ಅನೇಕ ಕೆರೆಗಳಲ್ಲಿ ವರ್ಷವಿಡೀ ನೀರು ನಿಲ್ಲುತ್ತಿರುವುದರಿಂದ ಕೆರೆಯಂಚಿನ ಗ್ರಾಮಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚಾಗಿರಬೇಕು. ಮಕ್ಕಳಿಗೆ 9 ತಿಂಗಳು ತುಂಬಿದ ಮೇಲೆ ಮೊದಲ ಡೋಸು ಹಾಗೂ 16ರಿಂದ 24 ತಿಂಗಳೊಳಗೆ ಎರಡನೆಯ ಡೋಸು ಲಸಿಕೆ ಆಗಿದೆಯೇ ಎಂಬುದನ್ನು ಆಶಾ ಕಾರ್ಯಕರ್ತೆಯರ ಪಟ್ಟಿಯೊಂದಿಗೆ ತಾಳೆ ನೋಡುವುದು ಸದಸ್ಯರು ಮಾಡಬಹುದಾದ ಉಪಯುಕ್ತ ಕೆಲಸ.

ಬೀಡಾಡಿ ದನಗಳು ಮತ್ತು ದೊಡ್ಡಿ

ಬೆಳೆಗೆ ನುಗ್ಗಿದ ಜಾನುವಾರುಗಳ ವಿಷಯದಲ್ಲಿ 1966ರ ಕರ್ನಾಟಕ ಜಾನುವಾರು ಅತಿಕ್ರಮ ಪ್ರವೇಶ ಅಧಿನಿಯಮ ಜಾರಿಯಲ್ಲಿದೆ. ಜಮೀನಿನ ಸಾಗುವಳಿದಾರನು ತನ್ನ ಬೆಳೆ ಹಾಳುಮಾಡುತ್ತಿರುವ ಜಾನುವಾರನ್ನು ಹಿಡಿದು ದೊಡ್ಡಿಗೆ ಕಳುಹಿಸಬಹುದು. ನಿಗದಿತ ದಂಡ ಮತ್ತು ಮೇವಿನ ಖರ್ಚು ತೆತ್ತು ಮಾಲೀಕನು ಬಿಡಿಸಿಕೊಳ್ಳಬಹುದು. ಯಾರೂ ಬಾರದಿದ್ದರೆ ಪ್ರಕಟಣೆಯ ನಂತರ ಹರಾಜು ಮಾಡಲು ಅವಕಾಶವಿದೆ. ದೊಡ್ಡಿಯಲ್ಲಿರುವ ರಾಸಿಗೆ ನೀರು, ಮೇವು, ನೆರಳು ಒದಗಿಸದಿರುವುದು 1960ರ ಪ್ರಾಣಿ ಕ್ರೌರ್ಯ ತಡೆ ಅಧಿನಿಯಮದಂತೆ ಅಪರಾಧವಾಗುತ್ತದೆ ಎಂಬುದು ನೆನಪಿರಬೇಕು.

ಸಿಟ್ಟಿನಲ್ಲಿ ದನಕ್ಕೆ ಕೊಡಲಿಯೇಟು ಹಾಕುವುದು, ವಿಷವಿಡುವುದು ಭಾರತೀಯ ನ್ಯಾಯ ಸಂಹಿತೆಯ 325ನೆಯ ಪ್ರಕರಣದಡಿ 5 ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಪಡಿಸುವ ಕೃತ್ಯ. ಅಂತೆಯೇ ಮನುಷ್ಯರ ಜೀವಕ್ಕೆ ಅಪಾಯವಾಗುವಂತೆ ಪ್ರಾಣಿಯನ್ನು ನಿರ್ಲಕ್ಷ್ಯದಿಂದ ಬಿಡುವ ಮಾಲೀಕನು 291ನೆಯ ಪ್ರಕರಣದಡಿ 6 ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂಪಾಯಿವರೆಗಿನ ದಂಡ ಅಥವಾ ಎರಡಕ್ಕೂ ಒಳಗಾಗಬಹುದು. ಬೆಳೆ ಕಳೆದುಕೊಂಡವನಿಗೂ ದನದ ಒಡೆಯನಿಗೂ ಈ ಎರಡು ಅಂಶಗಳನ್ನು ಮೊದಲೇ ತಿಳಿಸಿದರೆ ಜಗಳವು ಠಾಣೆಯವರೆಗೆ ಹೋಗುವುದು ತಪ್ಪುತ್ತದೆ.

ಹೆದ್ದಾರಿಯ ಬದಿಯ ಪಂಚಾಯಿತಿಗಳಿಗೆ ಮತ್ತೊಂದು ಜವಾಬ್ದಾರಿಯಿದೆ. ಕೋಲಾರ ಮತ್ತು ಮುಳಬಾಗಿಲಿನ ಮೂಲಕ ಸಾಗುವ 75ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ರಾತ್ರಿ ಹೊತ್ತು ಮಲಗುವ ದನಗಳಿಂದ ದ್ವಿಚಕ್ರ ಸವಾರರಿಗೆ ಒದಗುವ ಅಪಾಯ ಎಲ್ಲರಿಗೂ ತಿಳಿದದ್ದೇ. ಹೆದ್ದಾರಿಗಳಿಂದ ಬೀಡಾಡಿ ಜಾನುವಾರುಗಳನ್ನು ತೆರವುಗೊಳಿಸಿ ಆಶ್ರಯತಾಣಗಳಿಗೆ ಸೇರಿಸುವಂತೆ ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್‌ನಲ್ಲಿ ನಿರ್ದೇಶನ ನೀಡಿದೆ. ಹಸುವಿನ ಕಿವಿಯಲ್ಲಿರುವ 12 ಅಂಕಿಗಳ ಓಲೆಯ ಸಂಖ್ಯೆಯಿಂದ ಮಾಲೀಕರನ್ನು ಪತ್ತೆ ಹಚ್ಚಲು ಪಶುವೈದ್ಯ ಸಂಸ್ಥೆಯ ನೆರವು ಪಡೆಯಬಹುದು.

ಮೇಯಲು ಜಾಗವಿಲ್ಲದಿರುವುದೂ ದನಗಳು ಬೀದಿಗೆ ಬರಲು ಒಂದು ಕಾರಣ. ಕರ್ನಾಟಕ ಭೂ ಕಂದಾಯ ನಿಯಮಗಳ 97ನೆಯ ನಿಯಮದಂತೆ ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಕಾಯ್ದಿರಿಸಬೇಕು. ಗೋಮಾಳದ ಒತ್ತುವರಿ ಕಂಡುಬಂದಲ್ಲಿ ತಹಶೀಲ್ದಾರರಿಗೆ ಲಿಖಿತ ವರದಿ ಸಲ್ಲಿಸುವುದು ಅಗತ್ಯ.

ರೋಗ ಕಂಡಾಗ

2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಮತ್ತು ನಿಯಂತ್ರಣ ಅಧಿನಿಯಮದಂತೆ, ಅನುಸೂಚಿತ ರೋಗದ ಶಂಕೆಯಿರುವ ಪ್ರಾಣಿಯ ಮಾಲೀಕನು ಗ್ರಾಮಾಧಿಕಾರಿ ಅಥವಾ ಗ್ರಾಮ ಪಂಚಾಯಿತಿಗೆ ಮಾಹಿತಿ ನೀಡಿ, ಅದನ್ನು ಪ್ರತ್ಯೇಕವಾಗಿರಿಸಬೇಕು. ಆ ಮಾಹಿತಿಯನ್ನು ಪಂಚಾಯಿತಿಯು ಸಮೀಪದ ಪಶುವೈದ್ಯರಿಗೆ ತಲುಪಿಸಬೇಕು. 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲಿ ಹರಡಿದಾಗ ಒಂದೆರಡು ದಿನದ ವಿಳಂಬವೂ ಎಷ್ಟು ದುಬಾರಿಯೆಂಬುದು ಹೈನುಗಾರರ ಅನುಭವಕ್ಕೆ ಬಂದಿದೆ. 1962 ಸಹಾಯವಾಣಿಗೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ಸೇವೆ ದೊರೆಯುತ್ತದೆ. ಆವನಿಯಂತಹ ದನಗಳ ಜಾತ್ರೆಗೆ ಮುನ್ನ ಕಾಲುಬಾಯಿ ಜ್ವರದ ಲಸಿಕೆ ಪೂರ್ಣಗೊಂಡಿದೆಯೇ ಎಂದು ನೋಡಿಕೊಳ್ಳುವುದು ಒಳಿತು.

ನಿಯಮ ರೂಪಿಸುವ ಕ್ರಮ

ಸಾಮಾನ್ಯ ಸಭೆಯ ಒಂದು ಠರಾವಿನಿಂದ ಮಾತ್ರವೇ ಯಾರಿಗೂ ದಂಡ ವಿಧಿಸಲಾಗದು. ಅದಕ್ಕೆ ಕಾನೂನಿನ ಆಧಾರ ಬೇಕು. ಸ್ಥಳೀಯ ನಿಯಮ ಬೇಕೆನಿಸಿದಲ್ಲಿ ವಿಷಯವನ್ನು ಮೊದಲು ವಾರ್ಡ್ ಸಭೆ ಹಾಗೂ ಗ್ರಾಮಸಭೆಯಲ್ಲಿಟ್ಟು, ಪಂಚಾಯತ್ ರಾಜ್ ಅಧಿನಿಯಮದ ಕ್ರಮದಂತೆ ಉಪವಿಧಿ ರೂಪಿಸಬೇಕು. ಗೊಬ್ಬರದ ಸ್ಥಳ, ದೊಡ್ಡಿ, ಹಂದಿಗೂಡುಗಳ ಅಂತರ, ಹೊಸ ಫಾರಂಗಳ ಪರವಾನಗಿ ಈ ನಾಲ್ಕನ್ನು ಗ್ರಾಮಸಭೆ ಒಮ್ಮೆ ಚರ್ಚಿಸಿ ನಿರ್ಧರಿಸಿದರೆ, ಹಸು ಕಟ್ಟಿದ ಮನೆಯೂ ಅದರ ಪಕ್ಕದ ಮನೆಯೂ ನೆಮ್ಮದಿಯಿಂದ ಇರಲು ಸಾಧ್ಯ.