ಮೂಲೆಯ ಜೀವಕೋಶಕ್ಕೂ ಅಷ್ಟೇ ಬೆಳಕು

ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ತೆಗೆದ ಚಿತ್ರಗಳಲ್ಲಿ ಸಾಮಾನ್ಯವಾಗಿ ನಡುಭಾಗ ಬೆಳ್ಳಗಿರುತ್ತದೆ, ಅಂಚುಗಳು ಮಂಕಾಗಿರುತ್ತವೆ. ಕಣ್ಣಿಟ್ಟು ನೋಡುವವರಿಗೆ ಇದು ಅಷ್ಟಾಗಿ ಕಾಡುವುದಿಲ್ಲ. ಬೆಳಕಿನ ನಿಧಾನವಾದ ಏರಿಳಿತವನ್ನು ನಮ್ಮ ದೃಷ್ಟಿ ತಾನೇ ಸರಿದೂಗಿಸಿಕೊಳ್ಳುತ್ತದೆ. ತೊಂದರೆ ಶುರುವಾಗುವುದು ಕಂಪ್ಯೂಟರು ಆ ಚಿತ್ರವನ್ನು ಅಳೆಯಲು ಹೊರಟಾಗ.

ಡಾಪಿ ಎಂಬ ಬಣ್ಣವಿದೆ. ಅದು ಡಿಎನ್‌ಎಗೆ ಅಂಟಿಕೊಂಡು ನೀಲಿಯಾಗಿ ಹೊಳೆಯುತ್ತದೆ. ವಿಭಜನೆಗೆ ಸಿದ್ಧವಾದ ಜೀವಕೋಶದಲ್ಲಿ ಡಿಎನ್‌ಎ ಇಮ್ಮಡಿಯಾಗಿರುವುದರಿಂದ ಹೊಳಪೂ ಹೆಚ್ಚುಕಡಿಮೆ ಇಮ್ಮಡಿ. ಹೊಳಪು ಅಳೆದು ಯಾವ ಕೋಶ ಯಾವ ಹಂತದಲ್ಲಿದೆ ಎಂದು ಸಾವಿರಾರು ಕೋಶಗಳಿಗೆ ಹೇಳಬಹುದು. ಆದರೆ ಮೂಲೆಗೆ ಬೀಳುವ ಬೆಳಕು ನಡುವಿನ ಅರ್ಧದಷ್ಟೇ ಆಗಿದ್ದರೆ? ಮೂಲೆಯಲ್ಲಿ ವಿಭಜನೆಗೆ ಸಿದ್ಧವಾದ ಕೋಶವೂ ನಡುವೆ ಇರುವ ಸಾಮಾನ್ಯ ಕೋಶವೂ ಒಂದೇ ಸಂಖ್ಯೆ ಕೊಡುತ್ತವೆ. ಕೋಶದಲ್ಲಿ ಇಲ್ಲದ ಸತ್ಯವೊಂದನ್ನು ದೀಪ ಸೃಷ್ಟಿಸಿರುತ್ತದೆ. ಇದನ್ನು ಸರಿಪಡಿಸುವುದು ಚಿತ್ರದ ಅಂದಕ್ಕಾಗಿ ಮಾಡುವ ಕೆಲಸವಲ್ಲ, ಅಳತೆಯ ಪ್ರಾಮಾಣಿಕತೆಗಾಗಿ ಮಾಡುವ ಕೆಲಸ.

ಮೊದಲ ಮದ್ದು ಕಂಪ್ಯೂಟರಿನಲ್ಲಿಲ್ಲ, ಬೆಳಕಿನ ದಾರಿಯಲ್ಲೇ ಇದೆ. ಜರ್ಮನಿಯ ಆಗಸ್ಟ್ ಕೋಲರ್ ಅದನ್ನು 1893ರಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ದೀಪದ ಬಿಂಬವನ್ನೇ ಮಾದರಿಯ ಮೇಲೆ ಬೀಳಿಸುವ ರೂಢಿಯಿತ್ತು. ಹಾಗಾಗಿ ಜ್ವಾಲೆಯ ಏರುಪೇರೆಲ್ಲ ಫೋಟೋದಲ್ಲಿ ಮೂಡುತ್ತಿತ್ತು. ಕೋಲರ್ ದೀಪದ ಬಿಂಬವನ್ನು ಮಾದರಿಯಿಂದ ದೂರ ಸರಿಸಿ ಕಂಡೆನ್ಸರ್ ಮಸೂರದ ಡಯಾಫ್ರಮ್ ಇರುವಲ್ಲಿ ಕೂರಿಸಿದರು. ಆಗ ದೀಪದ ಪ್ರತಿ ಬಿಂದುವಿನ ಬೆಳಕೂ ಇಡೀ ಮಾದರಿಯ ಮೇಲೆ ಹರಡುತ್ತದೆ. ಕಾಲೇಜು ಪ್ರಯೋಗಾಲಯಗಳಲ್ಲಿ ಈ ಹೊಂದಾಣಿಕೆಯನ್ನು ಬಿಟ್ಟುಬಿಡುವುದೇ ಹೆಚ್ಚು. ಆದರೆ ಅದಕ್ಕೆ ಹಿಡಿಯುವುದು ಒಂದೆರಡು ನಿಮಿಷ. ಮಾದರಿಯನ್ನು ಫೋಕಸ್ ಮಾಡಿ, ದೀಪದ ಬಳಿಯ ಡಯಾಫ್ರಮ್ ಮುಚ್ಚಿ, ಅದರ ಅಂಚು ಚೂಪಾಗಿ ಕಾಣುವವರೆಗೆ ಕಂಡೆನ್ಸರನ್ನು ಏರಿಳಿಸಿ, ಬೆಳಕಿನ ವೃತ್ತವನ್ನು ನಡುವಿಗೆ ತಂದು, ಮತ್ತೆ ತೆರೆಯಬೇಕು.

ಇಷ್ಟಾದರೂ ಸ್ವಲ್ಪ ಏರುಪೇರು ಉಳಿಯುತ್ತದೆ. ಮಸೂರಗಳು ಅಂಚಿನ ಬೆಳಕನ್ನು ಕೊಂಚ ತಡೆಯುತ್ತವೆ, ಲೇಸರ್ ಕಿರಣ ಸಹಜವಾಗಿಯೇ ನಡುವೆ ಪ್ರಖರ, ಕ್ಯಾಮೆರಾದ ಪಿಕ್ಸೆಲ್‌ಗಳೂ ಒಂದರಂತೆ ಒಂದಿಲ್ಲ. ಇಲ್ಲಿ ಲೆಕ್ಕ ನೆರವಿಗೆ ಬರುತ್ತದೆ. ಮುಖ್ಯ ವಿಷಯ ಇಷ್ಟು: ಬೆಳಕಿನ ಕೊರತೆ ಕೋಶದ ಹೊಳಪನ್ನು ಗುಣಿಸಿ ಕುಗ್ಗಿಸುತ್ತದೆ. ಆದ್ದರಿಂದ ಪರಿಹಾರ ಭಾಗಾಕಾರವೇ ಹೊರತು ಕೂಡುವುದು ಕಳೆಯುವುದಲ್ಲ.

ಎರಡು ಹೆಚ್ಚುವರಿ ಚಿತ್ರಗಳು ಬೇಕು. ಒಂದು, ಮಾದರಿಯಿಲ್ಲದ ಖಾಲಿ ಜಾಗದ ಚಿತ್ರ. ಡಾಪಿಯಂಥ ಹೊಳೆಯುವ ಬಣ್ಣ ಬಳಸುವ ಪ್ರತಿದೀಪ್ತಿ ಸೂಕ್ಷ್ಮದರ್ಶಕವಾದರೆ ಒಂದೇ ಸಮನಾಗಿ ಹರಡಿದ ಬಣ್ಣದ ತೆಳುಪದರದ ಚಿತ್ರ. ಇನ್ನೊಂದು, ಬೆಳಕನ್ನು ಪೂರ್ತಿ ಮುಚ್ಚಿ ತೆಗೆದ ಕತ್ತಲ ಚಿತ್ರ. ಕತ್ತಲಲ್ಲೂ ಕ್ಯಾಮೆರಾ ಸೊನ್ನೆ ತೋರಿಸುವುದಿಲ್ಲ. ತಕ್ಕಡಿಯಲ್ಲಿ ಪಾತ್ರೆಯ ತೂಕ ಕಳೆಯುವ ಹಾಗೆ ಅದನ್ನು ಮೊದಲು ಕಳೆಯಬೇಕು.

ಕತ್ತಲ ಬೆಲೆ ಎಲ್ಲೆಡೆ 10 ಎಂದಿಟ್ಟುಕೊಳ್ಳಿ. ಖಾಲಿ ಚಿತ್ರದಲ್ಲಿ ನಡುವೆ 210, ಮೂಲೆಯಲ್ಲಿ 110. ಒಂದೇ ಬಗೆಯ ಎರಡು ಕೋಶಗಳು ನಡುವೆ 110, ಮೂಲೆಯಲ್ಲಿ 60 ತೋರಿಸಿದವು. ಎಲ್ಲದರಿಂದ 10 ಕಳೆದು ಭಾಗಿಸಿದರೆ ನಡುವೆ 100ನ್ನು 200ರಿಂದ, ಮೂಲೆಯಲ್ಲಿ 50ನ್ನು 100ರಿಂದ: ಎರಡೂ 0.5. ಕತ್ತಲನ್ನು ಕಳೆಯದೆ ಭಾಗಿಸಿದ್ದರೆ 0.52 ಮತ್ತು 0.55 ಬಂದು, ಒಂದೇ ಬಗೆಯ ಕೋಶಗಳು ಬೇರೆಯಾಗಿ ಕಾಣುತ್ತಿದ್ದವು. ಕೊನೆಗೆ ಬಂದ ಸಂಖ್ಯೆಯನ್ನು ಸರಾಸರಿ ಬೆಳಕಿನಿಂದ ಗುಣಿಸಿದರೆ ಚಿತ್ರ ಮತ್ತೆ ಮೊದಲಿನ ಅಳತೆಗೆ ಬರುತ್ತದೆ.

ಆಬ್ಜೆಕ್ಟಿವ್ ಮಸೂರ ಬದಲಿಸಿದರೆ, ಫಿಲ್ಟರ್ ಬದಲಿಸಿದರೆ, ದೀಪ ಹೊಸದಾದರೆ ಖಾಲಿ ಚಿತ್ರವನ್ನೂ ಹೊಸದಾಗಿ ತೆಗೆಯಬೇಕು. ಒಂದರ ಬದಲು ಹಲವು ಚಿತ್ರ ತೆಗೆದು ಸರಾಸರಿ ಮಾಡುವುದು ಒಳ್ಳೆಯದು. ಸ್ಲೈಡನ್ನು ಅಷ್ಟಿಷ್ಟು ಸರಿಸುತ್ತ ತೆಗೆದರೆ ಅದರ ಮೇಲಿನ ಧೂಳಿನ ಗುರುತು ಸರಾಸರಿಯಲ್ಲಿ ಕರಗುತ್ತದೆ.

ಖಾಲಿ ಚಿತ್ರ ತೆಗೆಯುವುದು ಮರೆತುಹೋಗಿದ್ದರೆ? ಒಂದೇ ಯಂತ್ರದಲ್ಲಿ ಒಂದೇ ಹೊಂದಾಣಿಕೆಯಲ್ಲಿ ತೆಗೆದ ಹಲವಾರು ಚಿತ್ರಗಳಿದ್ದರೆ ಬೆಳಕಿನ ನಕ್ಷೆಯನ್ನು ಅವುಗಳಿಂದಲೇ ಊಹಿಸಬಹುದು. ಕೋಶಗಳು ಚಿತ್ರದಿಂದ ಚಿತ್ರಕ್ಕೆ ಜಾಗ ಬದಲಿಸುತ್ತವೆ, ಬೆಳಕಿನ ಏರುಪೇರು ಬದಲಿಸುವುದಿಲ್ಲ. 2017ರಲ್ಲಿ ಪ್ರಕಟವಾದ ಬೇಸಿಕ್ ಎಂಬ ವಿಧಾನ ಇಂಥದು. ಇಮೇಜ್‌ಜೆ ತಂತ್ರಾಂಶದ ಹಿನ್ನೆಲೆ ಕಳೆಯುವ ಆಯ್ಕೆಯನ್ನು ಅನೇಕರು ಇದಕ್ಕೆ ಬದಲಿಯೆಂದು ಒತ್ತಿಬಿಡುತ್ತಾರೆ. ಅದು ಸ್ಟ್ಯಾನ್ಲಿ ಸ್ಟರ್ನ್‌ಬರ್ಗ್ 1983ರಲ್ಲಿ ವಿವರಿಸಿದ ಉರುಳುಚೆಂಡಿನ ಉಪಾಯವನ್ನು ಆಧರಿಸಿದ್ದು. ಕೋಶಗಳನ್ನು ಎಣಿಸಲು ಅದು ಸಾಕು. ಹೊಳಪು ಅಳೆಯಲು ಸಾಲದು, ಏಕೆಂದರೆ ಅದು ಕಳೆಯುತ್ತದೆ, ಭಾಗಿಸುವುದಿಲ್ಲ.

ಭಾಗಾಕಾರಕ್ಕೂ ಮಿತಿಯಿದೆ. ನಡುವೆ 400 ಬೆಳಕಿನ ಕಣ ಬಂದಲ್ಲಿ ಸಹಜ ಏರಿಳಿತ ಸುಮಾರು 20, ಅಂದರೆ ಶೇ. 5. ಮೂಲೆಯಲ್ಲಿ 100 ಬಂದರೆ ಏರಿಳಿತ 10, ಅಂದರೆ ಶೇ. 10. ತಿದ್ದಿದ ಮೇಲೆ ಎರಡರ ಹೊಳಪೂ ಸಮನಾಗುತ್ತದೆ, ಆದರೆ ಮೂಲೆಯ ಕಾಳುಕಾಳಾದ ಗದ್ದಲ ಹಾಗೇ ಉಳಿಯುತ್ತದೆ. 8 ಬಿಟ್ ಚಿತ್ರದಲ್ಲಿ 255 ಎಂಬ ಗರಿಷ್ಠ ಮಿತಿ ಮುಟ್ಟಿ ನಿಂತ ಪಿಕ್ಸೆಲ್‌ನ ನಿಜವಾದ ಬೆಲೆಯನ್ನೂ ಯಾವ ಲೆಕ್ಕವೂ ಮರಳಿ ತರುವುದಿಲ್ಲ.

ಆದ್ದರಿಂದ ಮೂಲ ಚಿತ್ರದ ಮೇಲೆ ತಿದ್ದಿದ್ದನ್ನು ಬರೆಯಬೇಡಿ, ಬೇರೆ ಹೆಸರಿನಲ್ಲಿ ಉಳಿಸಿ. ಆ ದಿನದ ಖಾಲಿ ಚಿತ್ರವನ್ನೂ ಕತ್ತಲ ಚಿತ್ರವನ್ನೂ ಅದೇ ಫೋಲ್ಡರಿನಲ್ಲಿಡಿ, ಹೇಗೆ ತಿದ್ದಿದಿರಿ ಎಂಬುದನ್ನು ವರದಿಯಲ್ಲಿ ಬರೆಯಿರಿ.