ಗೋದಾಮಿನ ಮೂಟೆಯಿಂದ ಲೆಕ್ಕದ ಮೇಜಿಗೆ

ಜುಮಾ ಮುಗಿದ ಬಳಿಕ ಮಸೀದಿಯ ಅಂಗಳದಲ್ಲಿ ಹೆತ್ತವರು ಆಗಾಗ ಕೇಳುವ ಮಾತೊಂದಿದೆ: "ಹುಡುಗ ಪಿಯುಸಿ ಮುಗಿಸಿದ್ದಾನೆ, ಮುಂದೆ ಓದಿಸುವ ತ್ರಾಣ ನಮಗಿಲ್ಲ. ಎಲ್ಲಾದರೂ ಸೇರಿಸಬಹುದೇ?" ಸರಕು ಸಾಗಣೆ ನಮಗೆ ಹೊಸದಲ್ಲ. ಲಾರಿ ಓಡಿಸಿದವರು, ಮಂಡಿಯಲ್ಲಿ ಮೂಟೆ ಹೊತ್ತವರು ನಮ್ಮ ಮನೆಗಳಲ್ಲೇ ಇದ್ದಾರೆ. ಆದರೆ ಅದೇ ಸರಕಿನ ಲೆಕ್ಕ ಇಡುವ ಮೇಜಿನ ಮುಂದೆ ನಮ್ಮವರನ್ನು ಕಂಡದ್ದು ಕಡಿಮೆ.

ಆ ಮೇಜಿಗೆ ಹೋಗುವ ಒಂದು ದಾರಿ ಅಪ್ರೆಂಟಿಸ್ ತರಬೇತಿ. 1961ರ ಅಪ್ರೆಂಟಿಸ್ ಕಾಯ್ದೆಯ ನಿಯಮದಂತೆ 30ಕ್ಕಿಂತ ಕಡಿಮೆಯಿಲ್ಲದಷ್ಟು ಸಿಬ್ಬಂದಿ ಇರುವ ಸಂಸ್ಥೆ, ಅವರ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಕಲಿಯುವಾಗಲೇ ಸ್ಟೈಪೆಂಡ್ ಸಿಗುತ್ತದೆ. 2019ರ ನಿಯಮದಲ್ಲಿ ಎಸ್ಸೆಸ್ಸೆಲ್ಸಿಯವರಿಗೆ ತಿಂಗಳಿಗೆ ಕನಿಷ್ಠ 6,000, ಪಿಯುಸಿಯವರಿಗೆ 7,000, ಪದವೀಧರರಿಗೆ 9,000 ರೂಪಾಯಿ ಎಂದು ನಿಗದಿಯಾಯಿತು. ಡೆಲಿವರಿ ಬೈಕ್ ಓಡಿಸುವ ಹುಡುಗ ಇದಕ್ಕಿಂತ ಹೆಚ್ಚು ತರಬಹುದು, ನಿಜ. ಮನೆಯಲ್ಲಿ ಜಗಳ ಹುಟ್ಟುವುದೂ ಇಲ್ಲಿಯೇ. ಬೈಕಿನ ದುಡಿಮೆ ಐದು ವರ್ಷದ ನಂತರವೂ ಬೈಕಿನ ದುಡಿಮೆಯೇ ಎಂಬುದನ್ನು ಹೆತ್ತವರು ಕೂತು ಲೆಕ್ಕ ಹಾಕಬೇಕು.

ಗೋದಾಮಿನಲ್ಲಿ ಕಲಿಯುವುದೇನು? ಬಂದ ಸರಕನ್ನು ಬಿಲ್ಲಿನೊಂದಿಗೆ ತಾಳೆ ನೋಡುವುದು, ಸ್ಕ್ಯಾನರ್ ಹಿಡಿದು ಕಂಪ್ಯೂಟರಿಗೆ ಏರಿಸುವುದು, ಮೊದಲು ಬಂದದ್ದು ಮೊದಲು ಹೊರಡುವಂತೆ ರ‍್ಯಾಕಿನಲ್ಲಿ ಇಡುವುದು. ಆಮೇಲೆ ಕಾಗದಪತ್ರ. 50,000 ರೂಪಾಯಿಗೆ ಮೀರಿದ ಸರಕು ಹೊರಡಬೇಕಾದರೆ ಸಾಮಾನ್ಯವಾಗಿ ಇ-ವೇ ಬಿಲ್ ಬೇಕು. ಸಾಮಾನ್ಯ ಲಾರಿಗೆ ಪ್ರತಿ 200 ಕಿ.ಮೀ.ಗೆ ಒಂದು ದಿನದ ಅವಧಿ. ವಾಹನದ ಸಂಖ್ಯೆ ತಪ್ಪಿದರೂ ಅವಧಿ ಮುಗಿದರೂ ದಾರಿಯಲ್ಲಿ ಲಾರಿ ನಿಲ್ಲುತ್ತದೆ. ಇದನ್ನು ತಪ್ಪಿಲ್ಲದೆ ಮಾಡುವವನನ್ನು ಯಾವ ಸಾಗಣೆ ಕಚೇರಿಯೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಪಣಂಬೂರು ಬಂದರು, ವೈಟ್‌ಫೀಲ್ಡ್‌ನ ಕಂಟೇನರ್ ಡಿಪೋ, ದೇವನಹಳ್ಳಿಯ ವಿಮಾನ ಸರಕು ವಿಭಾಗ, ನೆಲಮಂಗಲದ ಗೋದಾಮುಗಳು, ಎಲ್ಲೆಡೆಯೂ ಈ ಕೆಲಸವಿದೆ. ಮೇಜಿನ ಕೆಲಸವಾದ್ದರಿಂದ ಹೆಣ್ಣುಮಕ್ಕಳಿಗೂ ಹೊಂದುತ್ತದೆ. ಪಾಳಿ ಯಾವುದು, ಹೋಗಿಬರಲು ವಾಹನವಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ನೋಂದಣಿಯನ್ನು ಕೇಂದ್ರ ಸರಕಾರದ ಅಪ್ರೆಂಟಿಸ್‌ಶಿಪ್ ಇಂಡಿಯಾ ತಾಣದಲ್ಲಿ ಮಾಡಬಹುದು. ಅದಕ್ಕೆ ಶುಲ್ಕವಿಲ್ಲ. ಸೀಟು ಕೊಡಿಸುತ್ತೇನೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲು ಭಾಗವನ್ನು, ಗರಿಷ್ಠ 1,500 ರೂಪಾಯಿಯವರೆಗೆ, ಸರಕಾರ ಭರಿಸುತ್ತದೆ. ಅದು ಅಭ್ಯರ್ಥಿಯ ಬ್ಯಾಂಕ್ ಖಾತೆಗೇ ಬರುವುದರಿಂದ ಖಾತೆಗೆ ಆಧಾರ್ ಜೋಡಿಸಿರಬೇಕು.

ಒಂದು ಮಾತು ಮುಚ್ಚಿಡುವಂತಿಲ್ಲ. ಅಪ್ರೆಂಟಿಸ್ ಕಾನೂನಿನ ಕಣ್ಣಿನಲ್ಲಿ ಕಾರ್ಮಿಕನಲ್ಲ, ತರಬೇತಿದಾರ. ಅವಧಿ ಮುಗಿದ ಮೇಲೆ ಅಲ್ಲೇ ಕೆಲಸ ಕೊಡಬೇಕೆಂಬ ಕಡ್ಡಾಯವೂ ಸಾಮಾನ್ಯವಾಗಿ ಇಲ್ಲ. ಕೆಲಸದಲ್ಲಿ ಪೆಟ್ಟಾದರೆ ಪರಿಹಾರದ ಹಕ್ಕು ಮಾತ್ರ ಇದೆ. ಹದಿನೆಂಟು ತುಂಬದವರ ಒಪ್ಪಂದಕ್ಕೆ ಪೋಷಕರೇ ಸಹಿ ಹಾಕಬೇಕಾಗುತ್ತದೆ. ಸಹಿಗೆ ಮುಂಚೆ ವಿಭಾಗ, ಅವಧಿ, ಸ್ಟೈಪೆಂಡ್ ಈ ಮೂರನ್ನು ಓದಿಸಿಕೊಳ್ಳಿ. ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಿ.