ಟಿವಿಯಲ್ಲಿ ಬೈಕ್ ರೇಸ್ ಅಷ್ಟು ಸಲೀಸಾಗಿ ಕಾಣುವುದೇಕೆ? ಕ್ಯಾಮೆರಾ ತೋರಿಸದೆ ಬಿಡುವ ಸಂಗತಿಗಳು

ಬೈಕು ಹೆಚ್ಚುಕಡಿಮೆ ಅಡ್ಡ ಮಲಗಿದೆ. ಸವಾರನ ಮೊಣಕಾಲಿನ ಜೊತೆ ಮೊಣಕೈ ಕೂಡ ನೆಲ ಸವರುತ್ತಿದೆ. ಆದರೂ ಆತ ಬೀಳದೆ ತಿರುವು ದಾಟಿ ಹೋಗುತ್ತಾನೆ. ಕೆಳಗೊಂದು ಸಾಲು: 'ಧೈರ್ಯ ಇದ್ದವನ ಗಾಡಿ ಬೀಳಲ್ಲ!' ಇಂಥ ಹದಿನೈದು ಸೆಕೆಂಡಿನ ವಿಡಿಯೊಗಳು ನಿಮ್ಮ ಗ್ರೂಪಿಗೂ ಬಂದಿರುತ್ತವೆ, ನೀವೂ ಒಂದಿಬ್ಬರಿಗೆ ಕಳಿಸಿರುತ್ತೀರಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯವರಿಗೆ ಓಟದ ಹುಚ್ಚು ಹೊಸದೇನಲ್ಲ. ಎತ್ತಿನ ಗಾಡಿಯ ಶರ್ಯತ್ತು ಅಂದರೆ ಸುತ್ತಲಿನ ಊರುಗಳೆಲ್ಲ ಸೇರುವ ಸೀಮೆ ಇದು. ಶರ್ಯತ್ತಿನ ವಿಡಿಯೊ ಬರುವ ಮೊಬೈಲಿಗೇ ಈಗ ಮೋಟೊಜಿಪಿಯ ತುಣುಕುಗಳೂ ಬರುತ್ತಿವೆ.

ನಾವೂ ರೇಸ್ ನೋಡುವವರೇ. ನೋಡಬೇಡಿ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಆ ವಿಡಿಯೊಗಳಲ್ಲಿ ಬಹಳಷ್ಟು ನಿಜವಾದ ರೇಸಿನವೇ ಆಗಿರುತ್ತವೆ. ಸುಳ್ಳು ಇರುವುದು ಅದರ ಕೆಳಗಿನ ಸಾಲಿನಲ್ಲಿ. ಟಿವಿ ಕ್ಯಾಮೆರಾ ವೇಗವನ್ನು ತಗ್ಗಿಸಿ ತೋರಿಸುತ್ತದೆ, ಗಾಡಿ ವಾಲುವುದನ್ನು ಎತ್ತಿ ತೋರಿಸುತ್ತದೆ, ಬಿದ್ದವನನ್ನು ಉಳಿಸುವ ಏರ್ಪಾಟನ್ನು ಚೌಕಟ್ಟಿನ ಆಚೆಗೆ ಬಿಡುತ್ತದೆ. ಅದು ಹೇಗೆ ಎಂದು ನೋಡೋಣ.

366 ಕಿ.ಮೀ. ವೇಗ ಕಣ್ಣಿಗೆ ಬೀಳುವುದಿಲ್ಲವೇಕೆ?

2023ರಲ್ಲಿ ಇಟಲಿಯ ಮುಜೆಲ್ಲೊ ಟ್ರ್ಯಾಕಿನಲ್ಲಿ ದಕ್ಷಿಣ ಆಫ್ರಿಕಾದ ಬ್ರಾಡ್ ಬೈಂಡರ್ ಗಂಟೆಗೆ 366.1 ಕಿ.ಮೀ. ವೇಗ ಮುಟ್ಟಿದರು. ಅಂದರೆ ಒಂದು ಸೆಕೆಂಡಿಗೆ 100 ಮೀಟರ್‌ಗಿಂತ ಹೆಚ್ಚು. ಆದರೆ ಟಿವಿಯಲ್ಲಿ ನೇರ ದಾರಿಯ ಆ ತುದಿಯಿಂದ ಎದುರು ಬರುವ ಬೈಕುಗಳನ್ನು ನೋಡಿ. ನಿಂತಲ್ಲೇ ಅಲುಗಾಡುತ್ತಿವೆಯೇನೋ ಅನ್ನಿಸುತ್ತದೆ.

ಕಾರಣ ಸರಳ. ಕ್ಯಾಮೆರಾ ತುಂಬಾ ದೂರದಲ್ಲಿದ್ದು, ಜೂಮ್ ಮಾಡಿ ನೋಡುತ್ತಿರುತ್ತದೆ. 500 ಮೀಟರ್ ದೂರದ ಬೈಕು 400 ಮೀಟರಿಗೆ ಬಂದರೆ ಪರದೆಯ ಮೇಲೆ ಅದರ ಗಾತ್ರ ಕಾಲು ಭಾಗದಷ್ಟು ಮಾತ್ರ ಹೆಚ್ಚುತ್ತದೆ. ಅದೇ ಬೈಕು 20 ಮೀಟರಿನಿಂದ 10 ಮೀಟರಿಗೆ ಬಂದರೆ ಗಾತ್ರ ಎರಡು ಪಟ್ಟು. ಮೊದಲ ಸಲ ಅದು ಓಡಿದ್ದು 100 ಮೀಟರ್, ಎರಡನೇ ಸಲ ಬರೀ 10 ಮೀಟರ್. ನಮ್ಮ ಕಣ್ಣು ಎದುರು ಬರುವ ವಸ್ತುವಿನ ವೇಗವನ್ನು ಅಳೆಯುವುದು ಅದು ಎಷ್ಟು ಬೇಗ ದೊಡ್ಡದಾಗುತ್ತಿದೆ ಎಂಬುದನ್ನು ನೋಡಿ. ಆದ್ದರಿಂದ ದೂರದ್ದು ಯಾವಾಗಲೂ ನಿಧಾನವಾಗಿ ಕಾಣುತ್ತದೆ.

ಇದು ಟಿವಿಗೆ ಮಾತ್ರ ಸೇರಿದ ಮೋಸವಾಗಿದ್ದರೆ ಚಿಂತೆ ಇರುತ್ತಿರಲಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡು, ಓವರ್‌ಟೇಕ್ ಮಾಡಲು ಬಲಕ್ಕೆ ಇಣುಕಿದವನಿಗೂ ಆಗುವುದು ಇದೇ. ಅಥಣಿ ರಸ್ತೆಯಲ್ಲಿ ದೂರದಿಂದ ಬರುತ್ತಿರುವ ಬಸ್ಸು 'ಇನ್ನೂ ಅಲ್ಲೇ ಇದೆ' ಅನ್ನಿಸುತ್ತದೆ. ಅದು ದೊಡ್ಡದಾಗಿ ಕಾಣತೊಡಗುವಷ್ಟರಲ್ಲಿ ಹಿಂದೆ ಸರಿಯಲು ಸಮಯ ಉಳಿದಿರುವುದಿಲ್ಲ. ರಾತ್ರಿಯಂತೂ ಇನ್ನೂ ಕಷ್ಟ. ಕಾರಿಗಾದರೆ ಎರಡು ದೀಪಗಳ ನಡುವಿನ ಅಂತರ ಹೆಚ್ಚುತ್ತಾ ಹೋಗುವುದು ಕಾಣುತ್ತದೆ, ಒಂಟಿ ದೀಪದ ಬೈಕಿಗೆ ಆ ಗುರುತೂ ಇಲ್ಲ.

ಶರ್ಯತ್ತಿನ ವಿಡಿಯೊಗಳಲ್ಲಿ ಇದೇ ಸಂಗತಿಯ ಇನ್ನೊಂದು ಮುಖ ನೋಡಬಹುದು. ಗಾಡಿಯ ಪಕ್ಕದಲ್ಲೇ ಬೈಕು ಓಡಿಸುತ್ತಾ, ಹಿಂದೆ ಕೂತವನು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾನೆ. ಕೆಳಗಿನಿಂದ, ಚಕ್ರಕ್ಕೆ ಹತ್ತಿರ ತೆಗೆದರೆ ನೆಲ ಹರಿದು ಹೋಗುತ್ತಿರುವಂತೆ ಕಂಡು ಎತ್ತುಗಳು ಗಾಳಿಯಲ್ಲಿ ಹಾರಿದ ಹಾಗೆ. ಅದೇ ಓಟವನ್ನು ಡ್ರೋನ್ ಮೇಲಿನಿಂದ ತೆಗೆದರೆ ಇರುವೆ ಸಾಲು ಹೋದ ಹಾಗೆ. ಮೋಟೊಜಿಪಿಯಲ್ಲೂ ಹೆಲಿಕಾಪ್ಟರ್ ಚಿತ್ರ ಮಂದವಾಗಿ, ಟ್ರ್ಯಾಕಿನ ಅಂಚಿನಲ್ಲಿಟ್ಟ ಕ್ಯಾಮೆರಾದ ಚಿತ್ರ ಎದೆ ಝಲ್ಲೆನ್ನುವಂತೆ ಕಾಣುವುದು ಇದರಿಂದಲೇ. ಬರೀ ವಿಡಿಯೊ ನೋಡಿ ಯಾವುದು ಎಷ್ಟು ವೇಗ ಎಂದು ವಾದಕ್ಕೆ ಬೀಳುವುದು ದಂಡ.

ತಿರುವಿನಲ್ಲಿ ಹಿಂದಿನವನು ನಿಜವಾಗಿ ಹತ್ತಿರ ಬಂದನೇ?

ರೇಸ್ ನೋಡುವವರು ಕೂಗುವ ಜಾಗ ಇದು. ನೇರ ದಾರಿಯಲ್ಲಿ ದೂರ ಉಳಿದಿದ್ದ ಬೈಕು ತಿರುವಿಗೆ ಬಂದಾಗ ಮುಂದಿನದಕ್ಕೆ ಅಂಟಿಕೊಳ್ಳುತ್ತದೆ. 'ಮುಂದಿನವನು ಬೇಕಂತಲೇ ನಿಧಾನ ಮಾಡಿದ' ಎಂಬ ಸಾಲಿನೊಂದಿಗೆ ಇದೂ ಫಾರ್ವರ್ಡ್ ಆಗುತ್ತದೆ.

ಲೆಕ್ಕ ಹಾಕಿ ನೋಡಿ. ಇಬ್ಬರ ನಡುವೆ 0.3 ಸೆಕೆಂಡಿನ ಅಂತರ ಇದೆ ಅಂದುಕೊಳ್ಳಿ. 300 ಕಿ.ಮೀ. ವೇಗದಲ್ಲಿ ಅದು 25 ಮೀಟರ್. 80 ಕಿ.ಮೀ.ಗೆ ಇಳಿಸಿ ತಿರುಗುವ ಜಾಗದಲ್ಲಿ ಅದೇ 0.3 ಸೆಕೆಂಡು 7 ಮೀಟರಿಗೂ ಕಡಿಮೆ. ಯಾರೂ ಯಾರನ್ನೂ ಹಿಡಿದಿಲ್ಲ, ಸಮಯದ ಅಂತರ ಇದ್ದಷ್ಟೇ ಇದೆ. ಸ್ಪೀಡ್ ಬ್ರೇಕರ್ ಬಂದಾಗ ಸಾಲು ವಾಹನಗಳು ಒತ್ತೊತ್ತಾಗಿ, ದಾಟಿದ ಮೇಲೆ ಮತ್ತೆ ಬಿಡಿಬಿಡಿಯಾಗುವುದನ್ನು ದಿನಾ ನೋಡುತ್ತೇವಲ್ಲ, ಅದೇ ಇದು. ಹಾಗಾಗಿ ರೇಸ್ ಅರ್ಥವಾಗಬೇಕಾದರೆ ಚಿತ್ರಕ್ಕಿಂತ ಪರದೆಯ ಬದಿಯಲ್ಲಿ ಓಡುವ ಸಣ್ಣ ಅಂಕಿಗಳ ಮೇಲೆ ಕಣ್ಣಿಡಿ. ನಮ್ಮ ಮಟ್ಟಿಗೆ ಟಿವಿ ಪ್ರಸಾರದಲ್ಲಿ ಅತಿ ಪ್ರಾಮಾಣಿಕವಾದ ಭಾಗ ಅದೇ.

60 ಡಿಗ್ರಿ ವಾಲಿದರೂ ಬೀಳದಿರುವುದು ಧೈರ್ಯದಿಂದಲೇ?

ಮೊದಲು ಕ್ಯಾಮೆರಾದ ವಿಷಯ. ಬೈಕಿಗೆ ಗಟ್ಟಿಯಾಗಿ ಬಿಗಿದ ಕ್ಯಾಮೆರಾದಲ್ಲಿ ಬೈಕು ನೇರವಾಗಿಯೇ ಇದ್ದು, ಭೂಮಿ ಓರೆಯಾದಂತೆ ಕಾಣುತ್ತದೆ. ಇದನ್ನು ನೋಡಿ ಯಾರೂ ಅಷ್ಟು ಬೆರಗಾಗುವುದಿಲ್ಲ. ಗೈರೊ ಕ್ಯಾಮೆರಾ ಬೇರೆ. ಅದು ಬೈಕು ಎಷ್ಟೇ ವಾಲಿದರೂ ತಾನು ನೆಟ್ಟಗೆ ನಿಲ್ಲುತ್ತದೆ. ಆಗ ಭೂಮಿ ಸಮವಾಗಿ ಕಂಡು, ಹ್ಯಾಂಡಲ್ ಪೂರ್ತಿ ಒಂದು ಬದಿಗೆ ಬಿದ್ದಂತೆ ಕಾಣುತ್ತದೆ. ಮೈ ಜುಂ ಎನ್ನಿಸುವ ತುಣುಕುಗಳಲ್ಲಿ ಬಹಳಷ್ಟು ಇದರಿಂದ ಬಂದವು. ಸವಾರರ ತಲೆಯನ್ನು ಗಮನಿಸಿ: ದೇಹ ವಾಲಿದರೂ ಕಣ್ಣು ಆದಷ್ಟು ಸಮವಾಗಿರುವಂತೆ ತಲೆಯನ್ನು ಎತ್ತಿ ಹಿಡಿದಿರುತ್ತಾರೆ. ಗೈರೊ ಮಾಡುವ ಕೆಲಸವನ್ನು ಅವರ ಕುತ್ತಿಗೆ ಮಾಡುತ್ತದೆ.

ಇನ್ನು ಬೀಳದಿರುವ ವಿಷಯ. ತಿರುವಿನಲ್ಲಿ ಗಾಡಿಯನ್ನು ಒಳಕ್ಕೆ ಎಳೆದು ಹಿಡಿಯುವುದು ಟಯರ್ ಮತ್ತು ರಸ್ತೆಯ ನಡುವಿನ ಘರ್ಷಣೆ. ಸುಮಾರಾಗಿ ಹೇಳುವುದಾದರೆ, 45 ಡಿಗ್ರಿ ವಾಲಬೇಕಾದರೆ ಟಯರು ಗಾಡಿ ಮತ್ತು ಸವಾರರ ಒಟ್ಟು ತೂಕದಷ್ಟೇ ಬಲದಿಂದ ರಸ್ತೆಯನ್ನು ಅಡ್ಡಡ್ಡ ಹಿಡಿಯಬೇಕು. 60 ಡಿಗ್ರಿಗೆ ಆ ತೂಕದ 1.7 ಪಟ್ಟು ಬಲ ಬೇಕು. ಮೋಟೊಜಿಪಿ ಟಯರು ಆ ಹಿಡಿತ ಕೊಡುವುದು ಯಾಕೆಂದರೆ ಅದು ತುಂಬಾ ಮೆತ್ತಗಿನ ರಬ್ಬರು. ಓಟಕ್ಕೆ ಮೊದಲೇ ಅದಕ್ಕೆ ಬಿಸಿ ಹೊದಿಕೆ ಸುತ್ತಿ ಕಾಯಿಸಿಟ್ಟಿರುತ್ತಾರೆ. ಒಂದು ರೇಸ್ ಅಂದರೆ ಹೆಚ್ಚುಕಡಿಮೆ 110-120 ಕಿ.ಮೀ. ಅಷ್ಟಕ್ಕೇ ಅದರ ಆಯುಷ್ಯ ಮುಗಿಯಿತು. ಚಿಕ್ಕೋಡಿಯಿಂದ ಬೆಳಗಾವಿಗೆ ಹೋಗಿ ಬರುವಷ್ಟೂ ಬಾಳಿಕೆ ಬರದ ಟಯರನ್ನು ನಾವ್ಯಾರೂ ಕೊಳ್ಳುವುದಿಲ್ಲ.

ನಮ್ಮ ಗಾಡಿಯ ಟಯರು ಸಾವಿರಾರು ಕಿ.ಮೀ. ಓಡಲೆಂದು ಮಾಡಿದ ಗಟ್ಟಿ ರಬ್ಬರು. ಒಣಗಿದ, ಸ್ವಚ್ಛ ಡಾಂಬರಿನ ಮೇಲೆ ಅದರ ಹಿಡಿತ ಹೆಚ್ಚೆಂದರೆ ತೂಕದಷ್ಟು, ಎಷ್ಟೋ ಸಲ ಅದಕ್ಕೂ ಕಡಿಮೆ. ಸಡಿಲ ಮಣ್ಣು ಅಥವಾ ಕೆಸರು ಇದ್ದರೆ ಮೂರನೇ ಒಂದು ಭಾಗಕ್ಕೆ ಇಳಿಯಬಹುದು. ಆಗ 20 ಡಿಗ್ರಿ ವಾಲುವ ಮೊದಲೇ ಟಯರು ಜಾರುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ನಮ್ಮ ಕಡೆಯ ರಸ್ತೆ ಹೇಗಿರುತ್ತದೆ ಎಂದು ಹೇಳಬೇಕಿಲ್ಲ. ಗದ್ದೆಯಿಂದ ಟ್ರ್ಯಾಕ್ಟರ್ ಗಾಲಿ ಹೊತ್ತು ತಂದ ಮಣ್ಣು, ಉದುರಿದ ರವದಿ, ತಿರುವಿನಲ್ಲೇ ಬಿದ್ದ ಒಂದೆರಡು ಕಬ್ಬಿನ ಜಲ್ಲೆ. ನಿಪ್ಪಾಣಿ ಹತ್ತಿರದ ಸ್ತವನಿಧಿ ಘಾಟಿನಂಥ ಕಡೆ ಲಾರಿಗಳಿಂದ ಸೋರಿದ ಎಣ್ಣೆಯೂ ಇರಬಹುದು. ಘರ್ಷಣೆಯ ಲೆಕ್ಕದಲ್ಲಿ ಧೈರ್ಯಕ್ಕೆ ಅಂಕಿಯೇ ಇಲ್ಲ.

ಇನ್ನೊಂದು ವ್ಯತ್ಯಾಸ ಎಲ್ಲರೂ ಮರೆಯುತ್ತಾರೆ. ರೇಸಿನವನು ಅದೇ ತಿರುವನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಸುತ್ತುತ್ತಾನೆ. ಎದುರಿನಿಂದ ಯಾರೂ ಬರುವುದಿಲ್ಲ. ಟ್ರ್ಯಾಕಿನ ಮೇಲೆ ಎಣ್ಣೆ ಬಿದ್ದರೆ ಬಾವುಟ ಹಿಡಿದು ತಿಳಿಸಲು ಜನ ನಿಂತಿರುತ್ತಾರೆ. ಘಾಟಿನ ತಿರುವಿನ ಆಚೆ ಏನಿದೆ ಎಂದು ನಮಗೆ ಯಾರು ಬಾವುಟ ತೋರಿಸುತ್ತಾರೆ?

ಬಿದ್ದವನು ಎದ್ದು ಧೂಳು ಕೊಡವಿಕೊಂಡು ಹೋದದ್ದು ಹೇಗೆ?

200 ಕಿ.ಮೀ. ವೇಗದಲ್ಲಿ ಬಿದ್ದು, ಉರುಳಿ, ಮರುಕ್ಷಣ ಎದ್ದು ನಿಂತ ಸವಾರನ ವಿಡಿಯೊ ನಿಜವೇ. ಆತನ ಸೂಟಿನೊಳಗೆ ಏರ್‌ಬ್ಯಾಗ್ ಇರುತ್ತದೆ. ಮೋಟೊಜಿಪಿಯಲ್ಲಿ 2018ರಿಂದ ಇದು ಕಡ್ಡಾಯ. ದೇಹ ಬೈಕಿನಿಂದ ಬೇರ್ಪಟ್ಟಿತೆಂದು ಸೆನ್ಸರಿಗೆ ಗೊತ್ತಾದ ಕೂಡಲೇ, ನೆಲಕ್ಕೆ ಬಡಿಯುವ ಮುನ್ನ ಅದು ಉಬ್ಬುತ್ತದೆ. ಟಿವಿಯಲ್ಲಿ ಭುಜದ ಹತ್ತಿರ ಸೂಟು ಸ್ವಲ್ಪ ಊದಿದಂತೆ ಕಂಡರೆ ಅದೇ. ಆಮೇಲೆ ಆತ ಜಾರಿ ಹೋಗುವುದು ಖಾಲಿ ಜಲ್ಲಿ ಹಾಸಿನ ಮೇಲೆ. ಅಲ್ಲಿ ಮರವಿಲ್ಲ, ಕಲ್ಲು ಕಂಬವಿಲ್ಲ, ನಿಂತ ಟ್ರೇಲರ್ ಇಲ್ಲ. ವೈದ್ಯರು, ಆಂಬ್ಯುಲೆನ್ಸ್, ಹೆಲಿಕಾಪ್ಟರ್ ಸಿದ್ಧ ಇರುತ್ತವೆ. ಕ್ಯಾಮೆರಾ ಇವನ್ನು ತೋರಿಸುವುದು ಅಪರೂಪ, ಅಷ್ಟರಲ್ಲಿ ಅದು ಮುಂದಿನವರ ಹಿಂದೆ ಓಡಿರುತ್ತದೆ.

ಇಲ್ಲೊಂದು ಆಯ್ಕೆಯ ತಪ್ಪೂ ಇದೆ. ಭೀಕರ ಅಪಘಾತವಾದಾಗ, ಸವಾರನ ಸ್ಥಿತಿ ತಿಳಿಯುವವರೆಗೆ ಪ್ರಸಾರಕರು ಸಾಮಾನ್ಯವಾಗಿ ಮರುಪ್ರಸಾರ ತೋರಿಸುವುದಿಲ್ಲ. ಅದು ಸರಿಯಾದ ನಡೆ. ಆದರೆ ಇದರಿಂದ ನಮ್ಮ ಮೊಬೈಲಿಗೆ ಬಂದು ಸೇರುವುದು ಬಹುತೇಕ ಎದ್ದು ನಡೆದವರ ವಿಡಿಯೊಗಳೇ. ಎದ್ದೇಳದವರು ಇದ್ದಾರೆ. 2021ರ ಮೇ ತಿಂಗಳಲ್ಲಿ ಮುಜೆಲ್ಲೊದಲ್ಲೇ ಸ್ವಿಟ್ಜರ್ಲೆಂಡಿನ 19 ವರ್ಷದ ಜೇಸನ್ ಡುಪಾಸ್ಕಿಯೆ ಬಿದ್ದು, ಮರುದಿನ ತೀರಿಕೊಂಡರು. ಜಗತ್ತಿನ ಅತ್ಯುತ್ತಮ ವೈದ್ಯಕೀಯ ಏರ್ಪಾಟಿನ ನಡುವೆ ಆದ ಸಾವು ಅದು. 2023ರ ಆಗಸ್ಟ್ 5ರಂದು ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ವೇಳೆ ಬೆಂಗಳೂರಿನ 13 ವರ್ಷದ ಬಾಲ ರೇಸರ್ ಒಬ್ಬ ಪ್ರಾಣ ಕಳೆದುಕೊಂಡ. 'ಬಿದ್ದರೂ ಏನೂ ಆಗಲ್ಲ' ಎಂಬ ಸಾಲನ್ನು ಮುಂದಕ್ಕೆ ಕಳಿಸುವಾಗ ಈ ಎರಡು ಹೆಸರಿನ ವಿಡಿಯೊ ನಿಮ್ಮ ಗ್ರೂಪಿನಲ್ಲಿ ಇರುವುದಿಲ್ಲ.

ಇಡೀ ಓಟದಲ್ಲಿ ದೇಹ ಎಷ್ಟು ಬಸವಳಿಯುತ್ತದೆ ಎಂಬುದನ್ನಂತೂ ಕ್ಯಾಮೆರಾ ಹಿಡಿಯಲಾರದು. ಭಾರತದಲ್ಲಿ ನಡೆದ ಮೊದಲ ಮೋಟೊಜಿಪಿ 2023ರ ಸೆಪ್ಟೆಂಬರ್ 24ರಂದು ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ. ಬಿಸಿಲಿನ ಕಾರಣಕ್ಕೆ 24 ಸುತ್ತನ್ನು 21ಕ್ಕೆ ಇಳಿಸಿದರು. ಮಾರ್ಕೊ ಬೆಜೆಕಿ ಗೆದ್ದರು. ಎರಡನೇ ಸ್ಥಾನಕ್ಕೆ ಬಂದ ಹೋರ್ಹೆ ಮಾರ್ಟಿನ್ ಓಟ ಮುಗಿದ ಮೇಲೆ ನಿರ್ಜಲೀಕರಣದಿಂದ ಕುಸಿದು ಚಿಕಿತ್ಸೆ ಪಡೆಯಬೇಕಾಯಿತು.

ಆ ವಾರದ ಇನ್ನೊಂದು ಫಾರ್ವರ್ಡ್ ನಿಮಗೆ ನೆನಪಿರಬಹುದು: ಪ್ರಸಾರದಲ್ಲಿ ತೋರಿಸಿದ ಭಾರತದ ನಕ್ಷೆಯಲ್ಲಿ ಜಮ್ಮು-ಕಾಶ್ಮೀರ, ಲಡಾಖ್ ಇರಲಿಲ್ಲ ಎಂಬುದು. ಅದು ನಿಜ. ಮೋಟೊಜಿಪಿ ಕ್ಷಮೆಯನ್ನೂ ಕೇಳಿತು.

ಯಾರನ್ನು ತೋರಿಸಬೇಕೆಂದು ಯಾರು ತೀರ್ಮಾನಿಸುತ್ತಾರೆ?

ರೇಸಿನ ಚಿತ್ರವನ್ನು ಆಯಾ ದೇಶದ ಚಾನೆಲ್ ತೆಗೆಯುವುದಿಲ್ಲ. ಡೋರ್ನಾ ಹೆಸರಿನಲ್ಲಿ ಬೆಳೆದ ಸ್ಪೇನಿನ ಸಂಸ್ಥೆ ತೆಗೆದ ಒಂದೇ ಚಿತ್ರ ಎಲ್ಲ ಕಡೆಗೂ ಹೋಗುತ್ತದೆ, ಚಾನೆಲ್ಲುಗಳು ಅದಕ್ಕೆ ಮಾತು ಸೇರಿಸುತ್ತವೆ. ಹಾಗಾಗಿ ಹತ್ತನೇ ಸ್ಥಾನಕ್ಕೆ ಜೋರು ಪೈಪೋಟಿ ನಡೆಯುತ್ತಿರುವಾಗ ಯಾರದೋ ಗ್ಯಾರೇಜಿನ ಸಪ್ಪೆ ಮುಖ ತೋರಿಸಿದರೆ ನಿಮ್ಮ ಚಾನೆಲ್ಲನ್ನು ಬೈಯುವುದು ವ್ಯರ್ಥ. ನಾವೂ ಬೈದುಕೊಳ್ಳುತ್ತೇವೆ, ಆ ಮಾತು ಬೇರೆ.

ನಮ್ಮ ದೊಡ್ಡ ಕೊರಗು ಇನ್ನೊಂದಿದೆ. ಕನ್ನಡ ನಾಡಿನ ಸವಾರರು ಹೆಸರು ಮಾಡಿದ್ದು ಕ್ಯಾಮೆರಾ ಕಡಿಮೆ ಇರುವ ರ‍್ಯಾಲಿಗಳಲ್ಲಿ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ. 2021ರಲ್ಲಿ ಸೌದಿ ಅರೇಬಿಯಾದಲ್ಲಿ ಅದೇ ರ‍್ಯಾಲಿಯಲ್ಲಿ ಬಿದ್ದು ತೀವ್ರವಾಗಿ ಗಾಯಗೊಂಡರು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ನೂರಾರು ಕಿ.ಮೀ. ಮರಳು, ಕಲ್ಲಿನಲ್ಲಿ ಒಬ್ಬರೇ ಓಡಿಸುವವರ ಹಿಂದೆ ಎಲ್ಲೆಂದು ಕ್ಯಾಮೆರಾ ಇಡುವುದು? ಟಿವಿಗೆ ಬರುವುದು ಕೆಲವೇ ನಿಮಿಷದ ತುಣುಕು.

ಸವಾರನಿಲ್ಲದ ಬೈಕು, ಗೇಮಿನ ಬೈಕು

'ಸವಾರ ಬಿದ್ದರೂ ಬೈಕು ತಾನೇ ಓಡಿತು, ದೆವ್ವ ಹಿಡಿದಿದೆ' ಎಂಬ ವಿಡಿಯೊ ನೋಡಿದ್ದರೆ, ಬೈಕು ಓಡಿದ್ದು ನಿಜವಿರಬಹುದು, ದೆವ್ವ ಇಲ್ಲ. ವೇಗವಾಗಿ ಹೋಗುವ ದ್ವಿಚಕ್ರ ವಾಹನ ಒಂದು ಕಡೆ ವಾಲಿದರೆ ಅದರ ಮುಂದಿನ ಚಕ್ರ ತಾನಾಗಿ ಆ ಕಡೆಗೆ ತಿರುಗಿ ಗಾಡಿಯನ್ನು ಮತ್ತೆ ನೆಟ್ಟಗೆ ಮಾಡುತ್ತದೆ. ವೇಗ ತಗ್ಗಿದ ಮೇಲೆ ಬೀಳುತ್ತದೆ. ಇದಕ್ಕೆ ಚಕ್ರದ ತಿರುಗುವಿಕೆಯೊಂದೇ ಕಾರಣವಲ್ಲ ಎಂದು 2011ರಲ್ಲಿ ಡಚ್ ಮತ್ತು ಅಮೆರಿಕನ್ ಸಂಶೋಧಕರು ವಿಶೇಷ ಸೈಕಲ್ಲೊಂದನ್ನು ಕಟ್ಟಿ 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿದರು.

ಇನ್ನು ಕೆಲವು ವಿಡಿಯೊ ರೇಸಿನವೇ ಅಲ್ಲ, ಮೋಟೊಜಿಪಿ ಹೆಸರಿನ ವಿಡಿಯೊ ಗೇಮಿನವು. ಇಟಲಿಯ ಮೈಲ್‌ಸ್ಟೋನ್ ಕಂಪನಿ ಮಾಡುವ ಈ ಗೇಮುಗಳು ಸಣ್ಣ ಪರದೆಯಲ್ಲಿ ನಿಜದಂತೆಯೇ ಕಾಣುತ್ತವೆ. ಗುರುತಿಸಲು ವಿಡಿಯೊವನ್ನು ನಿಲ್ಲಿಸಿ ಪ್ರೇಕ್ಷಕರನ್ನು ನೋಡಿ: ಗೇಮಿನಲ್ಲಿ ಒಂದೇ ಬಗೆಯ ಜನ ಒಂದೇ ತರಹ ಕೈ ಬೀಸುತ್ತಿರುತ್ತಾರೆ. ಕ್ಯಾಮೆರಾ ಬೈಕಿನ ಹಿಂದೆ, ಸ್ವಲ್ಪ ಮೇಲೆ ತೇಲುತ್ತಾ ಉದ್ದಕ್ಕೂ ಹಿಂಬಾಲಿಸಿದರೆ ಅನುಮಾನಪಡಿ. ಬಿದ್ದ ಸವಾರ ಮುಂದಿನ ಕ್ಷಣದಲ್ಲಿ ಬೈಕಿನ ಮೇಲೆ ಕೂತಿದ್ದರಂತೂ ಅದು ಗೇಮೇ.